ನಾನು ಕೇಳದ ಪ್ರಶ್ನೆ

ದೆವ್ವ, ಭೂತ, ಶಕುನ ಇಂಥವನ್ನೆಲ್ಲ ನಾನು ನಂಬಿದವಳಲ್ಲ. ಸಿಂಧನೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಯಾರಾದರೂ ಇಂಥ ಕಥೆ ಶುರುಮಾಡಿದರೆ ಪುರಾವೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಪುರಾವೆ ನನ್ನ ಫೋನಿನಲ್ಲೇ ಇದೆ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ನನ್ನ ಪಿಎಚ್.ಡಿ. ಹಟ್ಟಿಯ ಚಿನ್ನದ ಗಣಿ ಕಾರ್ಮಿಕರ ಮನೆಗಳ ಹೆಂಗಸರ ಬಗ್ಗೆ. ಗಂಡನ ಪಾಳಿ ಬದಲಾದಂತೆಲ್ಲ ಅಡುಗೆ, ನಿದ್ದೆ, ಮಕ್ಕಳ ಗದ್ದಲ ಎಲ್ಲವನ್ನೂ ಹೊಂದಿಸಿಕೊಂಡು ಬದುಕಿದವರು ಅವರು. ಅವರಲ್ಲಿ ಹುಲಿಗೆಮ್ಮ ಒಬ್ಬಾಕೆ. ಗಂಡ ತೀರಿದ ಮೇಲೆ ಮಸ್ಕಿಯಲ್ಲಿ ಮಗಳು ರೇಣುಕಾಳ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ಎರಡು ತಾಸು ಅವರ ಮಾತನ್ನು ಫೋನಿನಲ್ಲಿ ಹಿಡಿದುಕೊಂಡು, ಆಮೇಲೆ ಕೆಮ್ಮನ್ನೂ ಬಿಡದೆ ಅಕ್ಷರಕ್ಕಿಳಿಸಿದ್ದೆ. ಅವರೊಬ್ಬರ ಬದುಕನ್ನೇ ಹಿಡಿದು ಇಡೀ ಗ್ರಂಥ ಬರೆಯಬೇಕೆಂದುಕೊಂಡಿದ್ದೆ. ಮರುವರ್ಷ ಹುಲಿಗೆಮ್ಮ ತೀರಿಹೋದರು.

ಅದಾಗಿ ಒಂದು ವರ್ಷಕ್ಕೆ ನಮ್ಮ ವಿಶ್ವವಿದ್ಯಾಲಯ ಹೊಸ ನಿಯಮ ತಂದಿತು. ಇಡೀ ಗ್ರಂಥ ಬರೆಯುವ ಬದಲು ಮೂರು ಲೇಖನ ಪ್ರಕಟಿಸಿ ಒಟ್ಟಿಗೆ ಬೈಂಡು ಮಾಡಿಸಿ ಕೊಟ್ಟರೂ ಸಾಕು. ಲಿಂಗಸುಗೂರಿನಲ್ಲಿದ್ದ ನನ್ನ ಮಾರ್ಗದರ್ಶಕರು ಮನೆಗೆ ಕರೆಸಿದರು.

"ಒಬ್ಬ ಮುದುಕಿ ಜೀವನಾ ಹಿಡ್ಕೊಂಡು ಮುನ್ನೂರು ಪುಟ ಬರದ್ರ ವೈವಾದಾಗ ನಿನ್ನ ಹರದು ತಿಂತಾರವ್ವ. ಮೂರು ಲೇಖನ ಮಾಡು, ಮುಗೀತು."

"ಸರ್, ಆಕಿ ಮಾತು ಹಂಗ ತುಂಡಾಗಂಗಿಲ್ರಿ."

"ತುಂಡು ಮಾಡೂದಕ್ಕ ಸಂಶೋಧನಾ ಅಂತಾರ," ಎಂದು ಚಹಾ ಮುಂದಿಟ್ಟರು.

ಸಿಂಧನೂರಿಗೆ ವಾಪಸಾಗುವ ಬಸ್ಸಿನಲ್ಲಿ ಕುದಿಯುತ್ತ ಕೂತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಸೋತೂ ಇದ್ದೆ. ಎಲ್ಲಿ ಕತ್ತರಿಸಬಹುದೋ ನೋಡೋಣವೆಂದು ಇಯರ್‌ಫೋನ್ ಹಾಕಿ ಆ ರೆಕಾರ್ಡಿಂಗ್ ಹಚ್ಚಿದೆ. ಅರ್ಧ ತಾಸಿನ ಹತ್ತಿರ ಹುಲಿಗೆಮ್ಮ ರಾತ್ರಿಪಾಳಿಯ ಬುತ್ತಿಯ ಬಗ್ಗೆ ಹೇಳುತ್ತಿದ್ದರು. ನಡುವೆ ನನ್ನದೇ ದನಿ ಬಂತು: "ಅವ್ವಾ, ನಿನ್ನ ಕಥಿ ಮೂರು ಲೇಖನ ಮಾಡಿ ಬರೀಲೇನು?"

"ಮೂರು ಪಾಳ್ಯಾಗ ನನ್ನ ಜೀವ ಮೂರು ತುಂಡಾತು. ನೀನೂ ತುಂಡು ಮಾಡ್ತೀಯೇನ ತಂಗಿ? ಒಂದ ಮಾಡಿ ಬರಿ."

ಮತ್ತೆ ಬುತ್ತಿಯ ಮಾತು.

ರೆಕಾರ್ಡಿಂಗ್ ನಿಲ್ಲಿಸಿದೆ. ಚೀಲದಲ್ಲಿದ್ದ ಬರಹದ ಪ್ರತಿ ತೆಗೆದು ನೋಡಿದೆ. ಆ ಎರಡು ಮಾತು ಅಲ್ಲಿರಲಿಲ್ಲ. ಮೂರು ಲೇಖನದ ಸುದ್ದಿಯೇ ಹುಟ್ಟಿರದ ದಿನ ನಾನು ಹಾಗೆ ಕೇಳುವುದಾದರೂ ಹೇಗೆ?

ದಾರಿಯಲ್ಲಿ ಮಸ್ಕಿ ಬಂದಾಗ ಇಳಿದು ರೇಣುಕಾಳ ಮನೆಗೆ ಹೋದೆ. ರೇಣುಕಾ ಫೋನನ್ನು ಕಿವಿಗೆ ಹಿಡಿದು ಕೇಳಿದಳು.

"ಅವ್ವನ ದನಿನ ಐತ್ರಿ. ಆದ್ರ ಅವತ್ತು ನಾ ಇಲ್ಲೇ ಕುಂತು ಅಕ್ಕಿ ಆರಸಾಕತ್ತಿದ್ದೆ. ಈ ಮಾತು ನೀವು ಕೇಳಿಲ್ರೀ ಅಕ್ಕಾರ." ಆಮೇಲೆ ಮೆಲ್ಲಗೆ, "ಇನ್ನೊಮ್ಮೆ ಹಚ್ರಿ," ಎಂದಳು. ನಾಲ್ಕು ಸಲ ಹಚ್ಚಿದೆ.

ಆ ವಾರವೇ ಒಂದೇ ಗ್ರಂಥವೆಂದು ತೀರ್ಮಾನಿಸಿ ಬರೆಯಲು ಕೂತೆ. ಆ ಎರಡು ಮಾತುಗಳನ್ನು ರೆಕಾರ್ಡಿಂಗಿನ ದಿನಾಂಕದ ಸಮೇತ ಸೇರಿಸಿದೆ. ಮಾರ್ಗದರ್ಶಕರು ಸಿಟ್ಟಾದರು. "ಆ ಪುಟ ತಗೀ. ಇಲ್ಲಂದ್ರ ವೈವಾದಾಗ ನಾ ನಿನ್ನ ಪರ ಮಾತಾಡಂಗಿಲ್ಲ." ತೆಗೆಯಲಿಲ್ಲ. ತಿಂಗಳುಗಟ್ಟಲೆ ಕನ್ನಡಿ ಮುಂದೆ ನಿಂತು ಉತ್ತರ ಅಭ್ಯಾಸ ಮಾಡಿದೆ. ಒಂದು ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ.

ವೈವಾದ ದಿನ ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಅದೇ ಪುಟ ತೆರೆದರು.

"ನಿಯಮ ಬಂದದ್ದು ಹೋದ ವರ್ಷ. ಅದಕ್ಕೂ ಮೊದಲೇ ಇದನ್ನು ಹೇಗೆ ಕೇಳಿದಿರಿ?"

"ನಾನು ಕೇಳಿಲ್ಲ ಸರ್."

"ಹಾಗಾದರೆ ಇದೇನು?"

"ಗೊತ್ತಿಲ್ಲ. ಆದರೆ ರೆಕಾರ್ಡಿಂಗಿನಲ್ಲಿದೆ. ಇರುವುದನ್ನು ಅಳಿಸಿ ಡಿಗ್ರಿ ತಗೊಳ್ಳುವುದು ನನಗೆ ಬೇಡ."

ಮಾರ್ಗದರ್ಶಕರು ಕಿಟಕಿಯತ್ತ ನೋಡುತ್ತಿದ್ದರು. ಪರೀಕ್ಷಕರು ರೆಕಾರ್ಡಿಂಗ್ ಹಚ್ಚಿಸಿ, ತಲೆ ತಗ್ಗಿಸಿ ಕೇಳಿದರು. "ಅಡಿಟಿಪ್ಪಣಿ ಬರೆಯಿರಿ. ಸುಳ್ಳು ಬರೆಯಬೇಡಿ," ಎಂದಷ್ಟೇ ಹೇಳಿ ಸಹಿ ಮಾಡಿದರು.

ಫೋನ್ ಕೆಟ್ಟಿರಬೇಕು ಎಂದವರಿದ್ದಾರೆ. ಮರೆತಿದ್ದೀಯ ಎಂದವರಿದ್ದಾರೆ. ನಾನೇ ಆಮೇಲೆ ಸೇರಿಸಿದೆ ಎಂದವರೂ ಇದ್ದಾರೆ. ಅನ್ನಲಿ. ಗ್ರಂಥಾಲಯದಲ್ಲಿರುವ ನನ್ನ ಪ್ರಬಂಧದ ಆ ಪುಟದ ಕೆಳಗೆ ಒಂದೇ ಸಾಲಿದೆ: "ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ." ಅದನ್ನು ತಿದ್ದುವಂಥದ್ದೇನೂ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.