ಹೊಗೆಯಿಲ್ಲದ ಉಂಡೆ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪ ಶಿಕಾರಿಪುರದಲ್ಲಿ ಉರುವಲು ಉಂಡೆ ಮಾಡಿ ಮಾರುತ್ತಿದ್ದರು. ಮರದ ಪುಡಿಯದು ಬೇಗ ಹತ್ತಿಕೊಂಡು ಬೇಗ ಮುಗಿಯುತ್ತಿತ್ತು. ಭತ್ತದ ಹೊಟ್ಟಿನದು ಕಣ್ಣುರಿಸುವಷ್ಟು ಹೊಗೆಯಾಡುತ್ತಿತ್ತು. ಸುಟ್ಟ ಮೇಲೂ ಆಕಾರ ಬಿಡದೆ ಬೂದಿಯಾಗಿ ಕೂತಿರುತ್ತಿತ್ತು. ಇದ್ದಿಲ ಪುಡಿಗೆ ಜೇಡಿಮಣ್ಣು ಕಲಸಿ ಕಟ್ಟಿದ್ದು ಮಾತ್ರ ಹೊಗೆಯಿಲ್ಲದೆ, ವಾಸನೆಯಿಲ್ಲದೆ ಅರ್ಧ ದಿನ ಕಾವು ಕೊಡುತ್ತಿತ್ತು. ಅದೇ ಎಲ್ಲಕ್ಕಿಂತ ಒಳ್ಳೆಯದೆಂದು ನಂಬಿದ್ದೆ.

ಸೊರಬದ ಕಡೆಯ ಉಳವಿಯಲ್ಲಿ, ಗಂಡನ ಮನೆಯಲ್ಲೇ ಅಕ್ಕನಿಗೆ ಎರಡನೇ ಹೆರಿಗೆಯಾದಾಗ, ಒಂದು ಚೀಲ ಇದ್ದಿಲ ಉಂಡೆ ಹೊತ್ತು ಬಸ್ಸಿನಲ್ಲಿ ಹೋದೆ. ಪುಷ್ಯದ ಚಳಿ. ಬಾಣಂತಿ ಕೋಣೆಯ ಕಿಟಕಿಯ ಸಂದಿಗೂ ಬಟ್ಟೆ ತುರುಕಿ, ಅಗ್ಗಿಷ್ಟಿಕೆಗೆ ಉಂಡೆ ಹಾಕಿಟ್ಟೆ.

ಮಾರನೆಯ ಬೆಳಿಗ್ಗೆ ಅಕ್ಕ ತಲೆನೋವೆಂದಳು. ಮಧ್ಯಾಹ್ನ ಮೂಲೆಯ ಕಡೆ ನೋಡುತ್ತ, ತೀರಾ ಸಹಜವಾಗಿ, "ಅಲ್ಲಿ ಯಾರೋ ನಿಂತಿದಾರಲ್ಲೇ, ಕೂರಕ್ಕೆ ಹೇಳು" ಎಂದಳು. ಅಲ್ಲಿ ಯಾರೂ ಇರಲಿಲ್ಲ. ಅವಳ ಅತ್ತೆಗೆ ಹೇಳಿದೆ. ಅವರು ಬಿಳಿಚಿಕೊಂಡರು. ಬೇವಿನ ಸೊಪ್ಪು ತಂದು ಬಾಗಿಲಿಗೆ ಸಿಕ್ಕಿಸಿ, ಕದ ಬಿಗಿಯಾಗಿ ಎಳೆದುಕೊಂಡು ಹೋದರು.

ನಾನು ಒಳಗೇ ಕೂತೆ. ಉಂಡೆಗಳು ಸದ್ದಿಲ್ಲದೆ ಕೆಂಪಗಿದ್ದವು. ಕಿವಿ ಗುಂಯ್‌ಗುಟ್ಟತೊಡಗಿತು. ಸ್ವಲ್ಪ ಹೊತ್ತಿಗೆ ಆ ಮೂಲೆಯಲ್ಲಿ ನನಗೂ ಕಂಡಿತು: ಸೆರಗು ಹೊದ್ದ ಹೆಂಗಸು, ಮುಖ ಗೋಡೆಯ ಕಡೆಗೆ. ಆಗ ಹೆದರಿಕೆಯೇ ಆಗಲಿಲ್ಲ. ಈಗ ನೆನೆದರೆ ಆಗುತ್ತದೆ. ಮಗು ಬಹಳ ಹೊತ್ತಿನಿಂದ ಅತ್ತಿಲ್ಲವೆಂಬುದು ಹೊಳೆದು ಏಳಹೋದೆ. ಕಾಲು ನಿಲ್ಲಲಿಲ್ಲ. ತೆವಳಿ ಹೋಗಿ ಕದ ಗುದ್ದಿದೆ. ಅತ್ತೆ ಓಡಿಬಂದು ಮಗುವನ್ನು ಎತ್ತಿಕೊಂಡು, ಅಕ್ಕನನ್ನು ಅಂಗಳಕ್ಕೆ ಎಳೆತಂದರು. ತಣ್ಣನೆ ಗಾಳಿಯಲ್ಲಿ ಮಗು ಕೊನೆಗೂ ಅತ್ತಿತು.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಣ್ಣಿಗೂ ಮೂಗಿಗೂ ಸಿಗದ ವಿಷಗಾಳಿ ತುಂಬುತ್ತದೆ, ಇಲ್ಲದ್ದು ಕಾಣುವುದೂ ಅದರಿಂದಲೇ ಎಂದು ಸೊರಬದ ಡಾಕ್ಟರು ಬಿಡಿಸಿ ಹೇಳಿದರು. ಹೊಗೆಯಿದ್ದಿದ್ದರೆ ಕೆಮ್ಮಿಯಾದರೂ ಹೊರಗೆ ಬರುತ್ತಿದ್ದಿರಿ ಎಂದರು. ತಾನು ಕಂಡ ಹೆಂಗಸು ಗೋಡೆಗೆ ಮುಖ ಮಾಡಿ ನಿಂತಿದ್ದಳೆಂದು ಅಕ್ಕ ಅವರಿಗೆ ಹೇಳಿದಳು. ನಾನು ಕಂಡದ್ದನ್ನು ಅವಳಿಗೆ ಹೇಳಿರಲಿಲ್ಲ.

ಸೊರಬದಿಂದ ಉಳವಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡರು. "ನಮ್ಮ ದೊಡ್ಡ ಸೊಸೆನೂ ಬಾಣಂತಿಯಾಗಿದ್ದಾಗ ಅದೇ ಕೋಣೇಲಿ ಹಂಗೇ ಅಂತಿದ್ಲು, ಯಾರೋ ನಿಂತಿದಾರೆ ಅಂತ. ಆಗ್ಲೂ ಇದ್ದಿಲನ್ನೇ ಹಾಕಿದ್ವಿ. ಮೂರನೇ ದಿನ ಹೋಗ್ಬಿಟ್ಲು. ಕದ ಹಾಕಿದ್ದು ನಾನೇ ಮಗಾ."

ಮರುದಿನ ಅವರು ಬಡಗಿಯನ್ನು ಕರೆಸಿ, ಆ ಕೋಣೆಯ ಕಿಟಕಿಯ ಬಾಗಿಲುಗಳನ್ನು ಕೀಳಿಸಿ ಹಾಕಿದರು.