ಬಾನೆಟ್ಟಿನ ಮೇಲೊಂದು ಬಾಣಲೆ

ನನ್ನ ಗಂಡ ಓಝರಿನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ನಾಸಿಕದ ನಮ್ಮ ಮನೆಯಲ್ಲಿದ್ದ ಎಲ್ಲವನ್ನೂ ಒಂದೊಂದಾಗಿ ರಿಪೇರಿ ಮಾಡಿದರು. ಮಿಕ್ಸರ್, ಫ್ಯಾನು, ನೀರಿನ ಪಂಪು ಮುಗಿದವು. ಆಮೇಲೆ ಚೆನ್ನಾಗಿಯೇ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದರು, ಅದು ನಿಂತಿತು. ರಿಪೇರಿಗೆ ಇನ್ನೇನೂ ಉಳಿಯದೆ ಅವರು ಅಡುಗೆಮನೆಗೆ ಬಂದು, ಸಾಸಿವೆ ಯಾವ ಉಷ್ಣತೆಯಲ್ಲಿ ಸಿಡಿಯಬೇಕು ಎಂದು ನನಗೆ ತಿಳಿಹೇಳತೊಡಗಿದಾಗ ನಾನು ದೇವರಲ್ಲಿ ಬೇಡಿಕೊಂಡೆ, ಈ ಮನುಷ್ಯನಿಗೆ ದೊಡ್ಡದೊಂದು ಕೆಟ್ಟ ಸಾಮಾನು ಸಿಗಲಿ ಎಂದು. ದೇವರು ಕೇಳಿಸಿಕೊಂಡ. ಅಳತೆ ಮಾತ್ರ ತುಸು ಹೆಚ್ಚಾಯಿತು.

ದ್ರಾಕ್ಷಿ ತರಲೆಂದು ಊರ ಹೊರಗಿನ ತೋಟಕ್ಕೆ ಹೋಗಿದ್ದೆವು. ತೋಟದವರ ಶೆಡ್ಡಿನಲ್ಲಿ, ಖಾಲಿ ಕ್ರೇಟುಗಳ ಹಿಂದೆ, ಅವರ ಅಜ್ಜನ ಕಾಲದ ಪೆಟ್ರೋಲ್ ಪಿಕಪ್ ಗಾಡಿಯೊಂದು ನಿಂತಿತ್ತು. ಕಪ್ಪೆಯ ಕಣ್ಣಿನಂಥ ದೀಪಗಳು, ದುಂಡನೆಯ ಬಾನೆಟ್ಟು, ಹಿಂದೆ ಸಾಮಾನು ಹಾಕುವ ತೆರೆದ ಡಬ್ಬಿ. ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಇಂಜಿನ್ನು ತುಕ್ಕು ಹಿಡಿದು ಗಟ್ಟಿಯಾಗಿತ್ತು. ನನ್ನ ಗಂಡ ಅದರ ಕೆಳಗೆ ತೂರಿಕೊಂಡವರು ಹೊರಗೆ ಬಂದಾಗ ಮುಖದ ಮೇಲೆ ನಾನು ನಮ್ಮ ಮದುವೆಯ ದಿನವೂ ಕಾಣದಿದ್ದ ಕಳೆಯಿತ್ತು.

"ಚಾಸಿ, ಅಂದ್ರ ಕೆಳಗಿನ ಚೌಕಟ್ಟ, ಒಂದ ಕಡೆ ಸೈತ ಬಾಗಿಲ್ಲ. ಇದಕ್ಕ ಡೀಸಲ್ ಇಂಜಿನ್ ಕೂಡಿಸಿದ್ರ ಆನಿ ಎಳದಂಗ ಎಳೀತೈತಿ," ಎಂದರು.

"ಏನ ಎಳೀತೈತ್ರೀ?" ಎಂದು ಕೇಳಿದೆ.

ಅವರು ಆಗಲೇ ತೋಟದವರ ಜೊತೆ ಬೆಲೆ ಮಾತಾಡುತ್ತಿದ್ದರು. ಗಾಡಿ ಕೊಂಡಾದ ಮೇಲೆ ಉತ್ತರ ಹುಡುಕಿದರು. ಸಂಜೆ ಚಹಾ ಕುಡಿಯುತ್ತ ಘೋಷಿಸಿದರು: ಇದರ ಹಿಂದೆ ಒಂದು ಟ್ರೇಲರ್, ಅಂದರೆ ಗಾಲಿಯ ಮೇಲಿನ ಸಣ್ಣ ಮನೆ, ಕಟ್ಟಿಸುವುದು. ಮಲಗಲು ಜಾಗ, ಅಡುಗೆಗೆ ಕಟ್ಟೆ, ಎಲ್ಲ ಇರುತ್ತದೆ. ಇಡೀ ಭಾರತ ತಿರುಗುವುದು. ನಾಸಿಕದಲ್ಲೇ ಇದ್ದ ಗುಹೆಗಳನ್ನು ತೋರಿಸಿರೆಂದು ಮದುವೆಯಾದಾಗಿನಿಂದ ಕೇಳುತ್ತ ಬಂದಿದ್ದ ನನಗೆ ಭಾರತ ಸ್ವಲ್ಪ ಜಾಸ್ತಿಯೇ ಎನಿಸಿತು.

ಪಕ್ಕದ ಮನೆಯವರು ಆಗಷ್ಟೇ ಕರೆಂಟಿನ ಸ್ಕೂಟರ್ ತಂದಿದ್ದರು. ಅವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕಾಕಾ, ಸಗಳೇ ಲೋಕ ಡೀಸಲ್ ಸೋಡತಾಯತ್, ತುಮ್ಹೀ ಘೇತಾಯ್?" ಎಂದರು. ಎಲ್ಲರೂ ಡೀಸಲ್ ಬಿಡುತ್ತಿರುವಾಗ ನೀವು ಹಿಡಿಯುತ್ತಿದ್ದೀರಾ ಎಂದು. ಸಾರಿಗೆ ಕಚೇರಿಯ ಅಧಿಕಾರಿಗೂ ಅದೇ ಆಶ್ಚರ್ಯ. ಇಂಜಿನ್ ಬದಲಿಸಲು ಮೊದಲೇ ಅನುಮತಿ ಬೇಕೆಂದು ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದರು. ಅನುಮತಿ ಕೇಳಿಕೊಂಡು ಮೊದಲೇ ಬಂದ ಮನುಷ್ಯನನ್ನು ಕಂಡು ಆ ಅಧಿಕಾರಿ ಎಷ್ಟು ಗಾಬರಿಯಾದರೆಂದರೆ, ಇವರು ಹೋದಾಗಲೆಲ್ಲ ಕುರ್ಚಿ ಹಾಕಿಸಿ ಚಹಾ ತರಿಸುತ್ತಿದ್ದರಂತೆ. ಅನುಮತಿ ಬರುವ ಹೊತ್ತಿಗೆ ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿರಲಾರದಷ್ಟು ಸ್ನೇಹವಾಗಿತ್ತು.

ನನ್ನ ತಮ್ಮ ಸಂಭಾಜಿನಗರದಲ್ಲಿ ಬ್ಯಾಂಕಿನಲ್ಲಿದ್ದಾನೆ. ಬಾಯಿ ತಪ್ಪಿ ಅವನು, "ಮಾಮಾ, ನಮ್ಮ ಕಡೆ ಗಾಡಿ ರಿಪೇರಿ ಮಾಡೂ ಒಬ್ಬ ಭಾರೀ ಮಿಸ್ತ್ರಿ ಅದಾನ," ಎಂದುಬಿಟ್ಟ. ನಾಸಿಕದಿಂದ ಈರುಳ್ಳಿ ಹೊತ್ತು ಆ ಕಡೆ ಹೊರಟಿದ್ದ ಲಾರಿಯೊಂದರ ಹಿಂದೆ ಸರಪಳಿ ಕಟ್ಟಿ ನಮ್ಮ ಪಿಕಪ್ಪನ್ನು ಎಳೆಸಿಕೊಂಡು ಹೋದದ್ದಾಯಿತು. ಆನೆಯಂತೆ ಎಳೆಯಬೇಕಾದದ್ದು ದಾರಿಯುದ್ದಕ್ಕೂ ಈರುಳ್ಳಿ ಸಿಪ್ಪೆಯ ಮಳೆಯಲ್ಲಿ ಎಳೆಸಿಕೊಂಡಿತು. ನನ್ನ ಗಂಡ ಸ್ಟಿಯರಿಂಗ್ ಹಿಡಿದು ಕೂತು, ಯೇವಲೆಯ ಪೇಟೆಯಲ್ಲಿ ನಿಂತು ನೋಡಿದವರಿಗೆಲ್ಲ ಮಂತ್ರಿಗಳಂತೆ ಕೈಬೀಸಿದರು. ನಾನು ನಮ್ಮ ಸಣ್ಣ ಕಾರು ಓಡಿಸುತ್ತ ಹಿಂದಿನಿಂದ ಹೋಗುತ್ತಿದ್ದೆ. ಇವರ ಪರಿಚಯವೇ ಇಲ್ಲದವಳಂತೆ ಮುಖ ಮಾಡಿಕೊಂಡಿದ್ದೆ.

ಮಿಸ್ತ್ರಿ ತಲೆಗೆ ಕರವಸ್ತ್ರ ಕಟ್ಟಿದ, ಯಾರ ಮಾತೂ ಕೇಳದ ಮನುಷ್ಯ. ಇವರೂ ಹಾಗೆಯೇ. ಅಪಘಾತಕ್ಕೆ ಸಿಕ್ಕಿದ್ದ ಒಂದು ಜೀಪಿನಿಂದ ಡೀಸಲ್ ಇಂಜಿನ್ ಬಂತು. ಅದನ್ನು ಪಿಕಪ್ಪಿನ ಹಳೆಯ ಗೇರ್‌ಬಾಕ್ಸಿಗೆ ಕೂಡಿಸಲು ನಡುವೆ ಒಂದು ಉಕ್ಕಿನ ಪ್ಲೇಟು ಬೇಕಿತ್ತು. ನನ್ನ ಗಂಡ ಕೂದಲೆಳೆಯ ಅಳತೆಯಲ್ಲಿ ನಕ್ಷೆ ಬರೆದರು. ಮಿಸ್ತ್ರಿ ಅದನ್ನು ಕಣ್ಣೆತ್ತಿಯೂ ನೋಡದೆ, "ಸಾಬ್, ಯೇ ಹವಾಯಿ ಜಹಾಜ್ ನಹೀಂ ಹೈ," ಇದು ವಿಮಾನವಲ್ಲ ಎಂದು ಹೇಳಿ, ಹಳೆಯ ಪೇಪರ್ ಹಾಳೆಯನ್ನು ಇಂಜಿನ್ನಿಗೆ ಅಂಟಿಸಿ ಹೆಬ್ಬೆರಳಿನಿಂದ ತಿಕ್ಕಿ ಅಚ್ಚು ತೆಗೆದ. ಎರಡು ಪ್ಲೇಟು ತಯಾರಾದವು. ಮಿಸ್ತ್ರಿಯದು ಕೂಡಲಿಲ್ಲ. ಇವರದೂ ಕೂಡಲಿಲ್ಲ, ಏಕೆಂದರೆ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆದಿದ್ದರು. ಕಡೆಗೆ ಇವರ ಪ್ಲೇಟನ್ನೇ ಮಗುಚಿ ಹಾಕಿ, ಮಿಸ್ತ್ರಿ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ ಮೇಲೆ ಕೂತಿತು. ಇವತ್ತಿಗೂ ಇವರು ನಕ್ಷೆಯಿಂದ ಆಯಿತೆನ್ನುತ್ತಾರೆ, ಅವನು ಸುತ್ತಿಗೆಯಿಂದ ಎನ್ನುತ್ತಾನೆ.

ಇಂಜಿನ್ ಭಾರಕ್ಕೆ ಗಾಡಿ ಮೂಗು ನೆಲಕ್ಕೆ ಹಚ್ಚಿತು. ಮುಂದಿನ ಸ್ಪ್ರಿಂಗಿಗೆ ಪಟ್ಟಿ ಕೂಡಿಸಿ ಎತ್ತಿದರು. ರೇಡಿಯೇಟರ್ ಸಣ್ಣದಾಯಿತೆಂದು ದೊಡ್ಡದು ಹಾಕಿದರು. ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿಯನ್ನು ಚಾಸಿಗೇ ಬಿಗಿದರು. ಎಲ್ಲ ಮುಗಿದು, ಇಂಜಿನ್ ಚಾಲೂ ಆಗಿ, ಇಬ್ಬರೂ ಅಪ್ಪಿಕೊಂಡರು. ಮಿಸ್ತ್ರಿ ತೆಂಗಿನಕಾಯಿ ಒಡೆದ. ಆಗ ನನ್ನ ತಮ್ಮ ಸುಮ್ಮನೆ ಕೇಳಿದ, "ಮಾಮಾ, ಬಾನೆಟ್ ಯಾಕ ಮುಚ್ಚವಲ್ದು?"

ಇಂಜಿನ್ ಬಾನೆಟ್ಟಿಗಿಂತ ಒಂದು ಗೇಣು ಎತ್ತರವಿತ್ತು. ಅಷ್ಟು ದಿನ ಅದನ್ನು ಅಡ್ಡ, ಉದ್ದ, ಓರೆಯಾಗಿ ಅಳೆದಿದ್ದ ಇಬ್ಬರು ಪಂಡಿತರೂ ಎತ್ತರ ಅಳೆದಿರಲಿಲ್ಲ. ಬಾನೆಟ್ಟಿಗೆ ದುಂಡಗೆ ತೂತು ಕೊರೆದು ಮೇಲೆ ಗುಮ್ಮಟದಂಥದ್ದು ಏನಾದರೂ ಬೆಸೆಯಬೇಕು ಎಂದಾಯಿತು. ತಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನನ್ನ ಗಂಡನ ದೃಷ್ಟಿ ಅಡುಗೆಮನೆಯ ಕಪಾಟಿನ ಮೇಲೆ ನಿಂತಿತು. ಅಲ್ಲಿ ತಮ್ಮನ ಹೆಂಡತಿ ದೀಪಾವಳಿಗೆ ಅವಲಕ್ಕಿ ಚೂಡಾ ಹುರಿಯುವ ದೊಡ್ಡ ಕಬ್ಬಿಣದ ಬಾಣಲೆಯಿತ್ತು.

"ಅಕ್ಕಾರ, ಅದು ನಮ್ಮವ್ವ ಕೊಟ್ಟದ್ದು," ಎಂದು ಆಕೆ ನನ್ನ ಕಡೆ ನೋಡಿದಳು.

"ಭಾರತಾ ಪೂರ್ತಿ ತಿರಗತೈತಿ ನಿಮ್ಮವ್ವನ ಬಾಣಲಿ," ಎಂದರು ಇವರು, ಅದು ಆಕೆಯ ತವರಿಗೆ ದೊರಕಿದ ಸನ್ಮಾನವೆಂಬಂತೆ.

ಬಾಣಲೆ ಬೋರಲಾಗಿ ಬಾನೆಟ್ಟಿನ ಮೇಲೆ ಕೂತಿತು. ಹಿಡಿಕೆಗಳನ್ನು ಕತ್ತರಿಸಲು ಆಕೆ ಬಿಡಲಿಲ್ಲ, ಹಾಗಾಗಿ ಗಾಡಿಗೆ ಎರಡು ಕಿವಿಗಳೂ ಬಂದವು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ತರುಣ ಅದರ ಫೋಟೋ ತೆಗೆದುಕೊಂಡು, ಇದು ಯಾವ ವಿದೇಶಿ ಟರ್ಬೋ ಎಂದು ಕೇಳಿದ. ನನ್ನ ಗಂಡ ಇಲ್ಲವೆನ್ನಲಿಲ್ಲ.

ಟ್ರೇಲರ್ ಅಲ್ಲಿಯೇ ಒಂದು ಶೆಡ್ಡಿನಲ್ಲಿ ತಯಾರಾಯಿತು. ದೊಡ್ಡ ಕಿಟಕಿ ಬೇಕೆಂದು ನಾನು ಕೇಳಿದ್ದೆ. ವಿಮಾನದಲ್ಲಿರುವಂಥ ಅಂಗೈಯಗಲದ ಕಿಟಕಿಗಳು ಬಂದವು. ಗಾಳಿಯ ಒತ್ತಡಕ್ಕೆ ಒಳ್ಳೆಯದಂತೆ. ನಾವು ಎಷ್ಟು ಎತ್ತರದಲ್ಲಿ ಹಾರಲಿದ್ದೇವೆ ಎಂದು ಕೇಳಿದೆ.

ಮೊದಲ ಪ್ರಯಾಣ ವೇರೂಳಿನ ಘೃಷ್ಣೇಶ್ವರನ ದರ್ಶನಕ್ಕೆ, ಅಲ್ಲಿಂದ ಹಾಗೆಯೇ ನಾಸಿಕಕ್ಕೆ ಎಂದು ನಿಶ್ಚಯವಾಯಿತು. ನಮ್ಮ ಸಣ್ಣ ಕಾರನ್ನು ತಮ್ಮ ಆಮೇಲೆ ತಂದುಕೊಡುವವನಿದ್ದ. ಇವರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿದ್ದೆ. ಡೀಸಲ್ ಇಂಜಿನ್ನಿನ ನಡುಕಕ್ಕೆ ಗಾಜು, ಬಾಗಿಲು, ನನ್ನ ಬಳೆ ಎಲ್ಲವೂ ಒಟ್ಟಿಗೆ ಗಲಗಲ ಎನ್ನುತ್ತಿದ್ದವು. ಮಾತಾಡಿದರೆ ಮಾತು ಅಕ್ಷರ ಅಕ್ಷರವಾಗಿ ಉದುರುತ್ತಿತ್ತು. ಆದರೂ ಒಪ್ಪಬೇಕು, ಗಾಡಿ ಏರು ರಸ್ತೆಯಲ್ಲಿ ಮನೆಯೊಂದನ್ನು ಕಟ್ಟಿಕೊಂಡು ತುಸುವೂ ಏದುಸಿರು ಬಿಡದೆ ಏರಿತು.

ದೌಲತಾಬಾದ್ ಕೋಟೆಯ ಹತ್ತಿರ ರಸ್ತೆ ಹಳೆಯ ಕಲ್ಲಿನ ಹೆಬ್ಬಾಗಿಲೊಂದರ ಕೆಳಗೆ ಹಾದುಹೋಗುತ್ತದೆ. ಒಮ್ಮೆಗೆ ಒಂದೇ ವಾಹನಕ್ಕೆ ಜಾಗ. ನಾವು ಒಳಗೆ ನುಗ್ಗಿ ಪಿಕಪ್ಪಿನ ಮೂತಿ ಆಚೆ ಬಂದಿತ್ತಷ್ಟೆ, ಎದುರಿನಿಂದ ಯಾತ್ರಿಕರ ಬಸ್ಸೊಂದು ಬಂದು ನಿಂತಿತು. ಅದರ ಹಿಂದೆ ಜೀಪು, ಕಾರು, ಕಬ್ಬಿನ ಟ್ರ್ಯಾಕ್ಟರು. ಬಸ್ಸಿನ ಡ್ರೈವರ್ ಹೊರಗೆ ತಲೆ ಹಾಕಿ, "ಕಾಕಾ, ಮಾಗೇ ಘ್ಯಾ!" ಎಂದು ಕೈಯಾಡಿಸಿದ. ನಮ್ಮ ಹಿಂದೆ ಇದ್ದವರು ಸರಿದು ದಾರಿ ಬಿಟ್ಟರು. ನಾವು ಹಿಂದಕ್ಕೆ ಹೋಗಬೇಕಿತ್ತು, ಅಷ್ಟೆ.

ಮುಂದಕ್ಕೆ ಎಳೆಯುವ ಶಕ್ತಿಯ ಬಗ್ಗೆ ತಿಂಗಳುಗಟ್ಟಲೆ ಮಾತಾಡಿದ್ದ ನನ್ನ ಗಂಡ ಹಿಂದಕ್ಕೆ ಹೋಗುವುದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರು, ಟ್ರೇಲರ್ ಎಡಕ್ಕೆ ಮಡಚಿತು. ಎಡಕ್ಕೆ ತಿರುಗಿಸಿದರು, ಬಲಕ್ಕೆ ಮಡಚಿತು. ಜನ ಸೇರಿದರು. ಮರಾಠಿ, ಹಿಂದಿ, ತೆಲುಗಿನಲ್ಲಿ ಸಲಹೆಗಳು ಬಂದವು, ಒಂದಕ್ಕೊಂದು ಸಂಬಂಧವಿರಲಿಲ್ಲ. ಒಬ್ಬ ಗೈಡ್ ತನ್ನ ಪ್ರವಾಸಿಗರನ್ನು ಕರೆತಂದು, ಎಷ್ಟೋ ಸೈನ್ಯಗಳು ಬಂದರೂ ಈ ಬಾಗಿಲು ಅಲುಗಲಿಲ್ಲವೆಂದು ವಿವರಿಸಿ, ನಮ್ಮ ಕಡೆ ನೋಡಿ ಮಾತು ನಿಲ್ಲಿಸಿದ. ಟ್ರೇಲರಿನ ಮೂಲೆಗೂ ಕಲ್ಲಿಗೂ ನಡುವೆ ಕೈ ತೂರುವಷ್ಟು ಜಾಗವಿತ್ತು. ಇವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಅಲ್ಲಿಯವರೆಗೆ ಒಳಗೊಳಗೇ ನಗುತ್ತಿದ್ದ ನನಗೆ ಅದನ್ನು ಕಂಡು ನಗು ನಿಂತಿತು.

"ನೀವು ಇಳೀರಿ. ಹಿಂದ ನಿಂತು ದಾರಿ ಹೇಳ್ರಿ," ಎಂದೆ.

"ನಿನಗ ಬರತೈತೇನು?"

"ನಿಮಗೂ ಬರವಲ್ದಲ್ಲ. ಇಳೀರಿ."

ಇಳಿದರು. ಹಿಂದೆ ನಿಂತು "ಬಲಕ್ಕ, ಬಲಕ್ಕ" ಎಂದು ಕೂಗಿದರು. ಅವರ ಪ್ರಯತ್ನಗಳನ್ನು ಪಕ್ಕದಲ್ಲೇ ಕೂತು ನೋಡಿದ್ದೆನಲ್ಲ, ನಾನು ಎಡಕ್ಕೆ ತಿರುಗಿಸಿದೆ. ಟ್ರೇಲರಿನ ಹಿಂಭಾಗ ವಿಧೇಯವಾಗಿ ಬಲಕ್ಕೆ ಸರಿಯಿತು. "ಎಡಕ್ಕ" ಎಂದರೆ ಬಲಕ್ಕೆ ತಿರುಗಿಸಿದೆ. ಗಂಡ ಹೇಳಿದ್ದಕ್ಕೆ ಹೂಂ ಎಂದು ಅದರ ಉಲ್ಟಾ ಮಾಡಿ ಅವರಿಗೆ ಬೇಕಾದಲ್ಲಿಗೇ ಕೊಂಡೊಯ್ಯುವುದು ನನಗೆ ಹೊಸದೇನಲ್ಲ, ಸಂಸಾರವನ್ನೆಲ್ಲ ಹೀಗೆಯೇ ನಡೆಸಿದ್ದೆ. ಒಮ್ಮೆ ಹೆಚ್ಚು ಮಡಚಿ, ಮುಂದೆ ಎಳೆದು, ಮತ್ತೆ ಹಿಂದೆ ಬಿಟ್ಟು, ಇಂಚಿಂಚಾಗಿ ಹೊರಗೆ ಬಂದೆವು. ಕಲ್ಲಿಗೆ ಏನೂ ಆಗಲಿಲ್ಲ. ನಮ್ಮ ಟ್ರೇಲರಿನ ಬಣ್ಣ ಮಾತ್ರ ಗೀರಿತು. ಬಸ್ಸಿನ ಹೆಂಗಸರು ಕಿಟಕಿಯಿಂದ ಚಪ್ಪಾಳೆ ತಟ್ಟಿದರು. ಇವರು ಓಡಿ ಬಂದು, "ನೋಡಿದ್ಯಾ, ನಾ ಹೇಳಿದಂಗ ಮಾಡಿದ್ದಕ್ಕ ಬಂತು," ಎಂದರು. ನಾನು ಹೌದೆಂದೆ.

ವೇರೂಳಿನಲ್ಲಿ ದರ್ಶನ ಮುಗಿಸಿ, ಗುಡಿಯ ಹತ್ತಿರ ಕಡಲೆಹಿಟ್ಟಿನ ಪಿಠಲ, ಜೋಳದ ಭಾಕರಿ ತಿನ್ನುವಾಗ ಇವರು ಮೆಲ್ಲಗೆ ಹೇಳಿದರು, "ಇನ್ನ ಮುಂದ ಮುಂದ ಹೋಗೂದು ನಂದು. ಹಿಂದ ಹೋಗೂದು ನಿಂದು."

ಭಾರತ ಪ್ರವಾಸ ಇನ್ನೂ ಬಾಕಿಯಿದೆ. ವೇರೂಳಿನಿಂದ ಮರಳಿದ ಮೇಲೆ ಮಾಲೇಗಾಂವಿನ ತನಕ ಮುಟ್ಟಿದ್ದೇವೆ, ಅದೂ ಪಕ್ಕದ ಮನೆಯವರ ಮಗಳ ಮದುವೆಗೆ ಜವಳಿ ತರಲು. ಕರೆಂಟಿನ ಸ್ಕೂಟರಿನ ಅದೇ ಮನೆಯವರು ಆಗ ಡೀಸಲ್ ಬಗ್ಗೆ ಚಕಾರ ಎತ್ತಲಿಲ್ಲ. ಮದುವೆಗೆ ಬಂದ ಅವರ ಬೀಗರಿಗೆ ಟ್ರೇಲರಿನಲ್ಲೇ ಹಾಸಿಗೆ ಹಾಸಿಕೊಟ್ಟೆವು. ಕಿಟಕಿ ಸಣ್ಣದೆಂದು ಅವರು ನನ್ನನ್ನೇ ದೂರಿದರು.

ಈಚೆಗೆ ಒಂದು ಮುಂಜಾನೆ ಲಾಸಲಗಾಂವ್ ದಾಟುವಾಗ, ಮಾರುಕಟ್ಟೆಗೆ ಹೊರಟಿದ್ದ ರೈತರೊಬ್ಬರ ಟ್ರ್ಯಾಕ್ಟರ್ ಕೆಟ್ಟು ಈರುಳ್ಳಿ ತುಂಬಿದ ಅವರ ಟ್ರಾಲಿ ರಸ್ತೆಯಲ್ಲೇ ನಿಂತಿತ್ತು. ಆ ರೈತರು ಕೇಳುವ ಮೊದಲೇ ನನ್ನ ಗಂಡ ನಮ್ಮ ಟ್ರೇಲರನ್ನು ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ಟ್ರಾಲಿಯನ್ನು ಕೊಂಡಿಗೆ ಸಿಕ್ಕಿಸಿದರು. ಮಾರುಕಟ್ಟೆಯಲ್ಲಿ ಹಿಂದಕ್ಕೆ ಬಿಟ್ಟು ಸಾಲಿನಲ್ಲಿ ನಿಲ್ಲಿಸಿದವಳು ನಾನು. ಈರುಳ್ಳಿಗೆ ದರ ಕೂಗುತ್ತ ಬಂದ ವ್ಯಾಪಾರಿಯೊಬ್ಬರು ಟ್ರಾಲಿ ಬಿಟ್ಟು ಪಿಕಪ್ಪನ್ನು ನೋಡಿದರು, ಬಾಣಲೆಯ ಕಿವಿ ಹಿಡಿದು ಅಲ್ಲಾಡಿಸಿದರು. ತಮ್ಮ ಮಗನ ಹೋಟೆಲಿನ ಮುಂದೆ ಅಂದಕ್ಕೆ ನಿಲ್ಲಿಸಲು ಈ ಗಾಡಿ ಬೇಕು, ಕೊಡುತ್ತೀರಾ ಎಂದು ನನ್ನ ಗಂಡನನ್ನು ಕೇಳಿದರು.

ಇವರು ನನ್ನ ಮುಖ ನೋಡಿದರು. ಈ ಗಾಡಿಯನ್ನು ಯಾರಾದರೂ ಒಯ್ದರೆ ಸಾಕೆಂದು ನಾನು ಅಂದ ದಿನಗಳು ಅವರಿಗೆ ನೆನಪಿದ್ದಿರಬೇಕು.

"ವಿಕಾಯಚಂ ನಾಹೀ," ಎಂದೆ ನಾನೇ, ಮಾರಾಟಕ್ಕಿಲ್ಲವೆಂದು. ಇಂಜಿನ್ ಚಾಲೂ ಇತ್ತು, ನಾನಿನ್ನೂ ಸೀಟಿನಲ್ಲೇ ಇದ್ದೆ, ಮಾತು ಎಂದಿನಂತೆ ನಡುಗಿಕೊಂಡೇ ಹೊರಟಿತು. ವ್ಯಾಪಾರಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು. ನನ್ನ ಗಂಡ ಬೇರೆ ಕಡೆ ತಿರುಗಿ, ಸರಿಯಾಗಿಯೇ ಇದ್ದ ಕೊಂಡಿಯನ್ನು ಬಹಳ ಹೊತ್ತು ಒರೆಸುತ್ತ ನಿಂತರು.