ಎಲ್ಲರ ಪಾಲಿನ ಜಡೆ

ಚರ್ಚಿನ ಬೀದಿಯ ತಿರುವಿನಲ್ಲಿ ಒಂದು ಕಟಿಂಗ್ ಶಾಪು. ಒಳಗೆ ಎರಡು ಕುರ್ಚಿ. ಒಂದು ಕೂದಲು ಕತ್ತರಿಸಿಕೊಳ್ಳುವವರಿಗೆ, ಇನ್ನೊಂದು ಕತ್ತರಿಸಿಕೊಂಡ ಮೇಲೂ ಏಳದವರಿಗೆ. ಅವರು ಏಳದಿರುವುದಕ್ಕೆ ಕಾರಣ ಅಂಗಡಿಯ ಯಜಮಾನನ ಬಾಯಿ. ಆ ಬಾಯಿಗೆ ಬೀಗ ಹಾಕುವಂಥವರು ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಅದಕ್ಕೇ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವನನ್ನು ಮಾತಿನಮಾವ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಅವನಿಗೂ ಮರೆತಿತ್ತೋ ಏನೋ.

ಮಾತಿನಮಾವ ಯಾವ ಗುರುವಿನ ಕೈಕೆಳಗೂ ಕೂತು ಕಲಿತವನಲ್ಲ. ಹುಡುಗನಾಗಿದ್ದಾಗ ಅವ್ವನ ಬಟ್ಟೆ ಕತ್ತರಿ ಕದ್ದು, ತಮ್ಮನ ತಲೆಯ ಮೇಲೆ ಕೈ ಪಳಗಿಸಿಕೊಂಡ. ತಮ್ಮ ಮಳೆಗಾಲವಿಡೀ ಟೋಪಿ ಹಾಕಿಕೊಂಡು ತಿರುಗಿದನಂತೆ. ಆಮೇಲಾಮೇಲೆ ಕೈ ಕುದುರಿತು. ಆದರೆ ಒಂದು ಹುಚ್ಚು ಅಂಟಿಕೊಂಡಿತು: ಬಾಯಿ ಆಡಿದರೆ ಮಾತ್ರ ಕತ್ತರಿ ಆಡುವುದು. ಭಾನುವಾರ ಚರ್ಚಿನ ಆರಾಧನೆಯಲ್ಲಿ ಕೊನೆಯ ಬೆಂಚು ಹಿಡಿದು, ಪ್ರಸಂಗ ಶುರುವಾದ ಕೂಡಲೇ ಅವನು ತೂಕಡಿಸುತ್ತಿದ್ದುದೂ ಇದಕ್ಕೇ. ಮಾತಾಡಲು ತನ್ನ ಸರದಿ ಬಾರದ ಜಾಗದಲ್ಲಿ ಎಚ್ಚರವಾಗಿದ್ದು ಅವನಿಗೆ ಅಭ್ಯಾಸವಿರಲಿಲ್ಲ.

ಒಂದು ದಿನ ಚರ್ಚಿನ ಅಯ್ಯನವರು ಕುರ್ಚಿಯಲ್ಲಿ ಕೂತು ತಲೆ ಕೊಟ್ಟಿದ್ದಾಗ ಹೇಳಿದರು: "ಮಾವ, ನಮ್ಮ ಸಭೆಯಿಂದ ಒಂದು ತಂಡ ಹೊರದೇಶಕ್ಕೆ ಸೇವೆಗೆ ಹೋಗ್ತಿದೆ. ಬಡ ಮಕ್ಕಳ ಅನಾಥಾಲಯ. ಡಾಕ್ಟರು, ಟೀಚರು, ಹಾಡೋ ಹುಡುಗರು ಎಲ್ಲ ಸೇರಿದ್ದಾರೆ, ನಾನೂ ಹೋಗ್ತೀನಿ. ಕೂದಲು ಕತ್ತರಿಸೋರೊಬ್ಬರು ಬೇಕು ಅಂತ ಅಲ್ಲಿಂದ ಹೇಳಿ ಕಳಿಸಿದ್ದಾರೆ."

ಮಾತಿನಮಾವನ ಕತ್ತರಿ ನಿಂತಿತು. "ತಮಾಷೆ ಮಾಡ್ಬೇಡಿ ಅಯ್ಯನವರೇ. ಅರ್ಧ ತಲೆ ಉಳಿದಿದೆ, ನಿಮ್ಮ ಜುಟ್ಟು ನನ್ನ ಕೈಲಿದೆ."

ತಮಾಷೆಯಲ್ಲವೆಂದು ಗೊತ್ತಾದಾಗ ಮನೆಗೆ ಓಡಿ ಹೆಂಡತಿಗೆ ಹೇಳಿದ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮುಗಿಸಿ ಬಂದು ಕಾಲು ನೀಡಿಕೊಂಡು ಕೂತಿದ್ದಳು. "ಹೋಗ್ಬನ್ನಿ ರೀ," ಎಂದಳು. "ಆ ಮಕ್ಕಳು ಅದೃಷ್ಟವಂತರು. ನೀವಾಡೋದು ಒಂದಕ್ಷರ ಅರ್ಥ ಆಗಲ್ಲ."

ವಿಮಾನದಲ್ಲಿ ಒಂದು ಹಗಲು, ವ್ಯಾನಿನಲ್ಲಿ ಅರ್ಧ ಹಗಲು ಕಳೆದ ಮೇಲೆ ಮಕ್ಕಳ ಮನೆ ಬಂತು. ಉದ್ದನೆಯ ತಗಡಿನ ಸೂರು, ಒಂದು ಕಡೆ ಹುಡುಗರ ಮಂಚಗಳು, ಇನ್ನೊಂದು ಕಡೆ ಹುಡುಗಿಯರವು, ಮಂಚಕ್ಕೆ ಇಬ್ಬಿಬ್ಬರು. ಹಿತ್ತಲಲ್ಲಿ ನೀರಿನ ತೊಟ್ಟಿ, ಅಲ್ಲಿಂದ ಗೋಡೆಯವರೆಗೂ ಬಟ್ಟೆ ಒಣಹಾಕುವ ಹಗ್ಗಗಳು. ಅಷ್ಟನ್ನೂ ನೋಡಿಕೊಳ್ಳುವವಳು ಒಬ್ಬಳೇ ಹೆಂಗಸು. ಎತ್ತರದ ಆಳು, ಸೊಂಟದಲ್ಲಿ ಬೀಗದ ಕೈ ಗೊಂಚಲು, ನಗುವುದು ಮಾತ್ರ ಅಪರೂಪ. ಮಕ್ಕಳು ಅವಳನ್ನು ತಮ್ಮ ಭಾಷೆಯಲ್ಲಿ ದೊಡ್ಡಮ್ಮ ಎನ್ನುತ್ತಿದ್ದರು. ಆ ಭಾಷೆಯನ್ನು ಇವರ ಭಾಷೆಗೆ ತಂದು ಹಾಕಲು ಇದ್ದವನು ವ್ಯಾನಿನವನು. ಹಿಂದೆ ಇವರ ಕಡೆ ಕಟ್ಟಡದ ಕೆಲಸಕ್ಕೆಂದು ಬಂದು, ಮಾತು ಕಲಿತು, ಮರಳಿ ಹೋಗಿ ವ್ಯಾನು ಹಿಡಿದವನು.

ದೊಡ್ಡಮ್ಮನ ಅಪ್ಪಣೆ ಚುಟುಕಾಗಿತ್ತು. ಮನೆ ತುಂಬ ಹೇನು, ಒಂದು ತಲೆಯೂ ಬಿಟ್ಟಿಲ್ಲ, ಎಲ್ಲರಿಗೂ ಬೋಳು.

ಮೊದಲ ದಿನ ಹುಡುಗರದು. ಅದು ಜಾತ್ರೆಯೇ ಆಯಿತು. ಮಾತಿನಮಾವ ತನ್ನ ಭಾಷೆಯಲ್ಲೇ ಲೊಡಲೊಡ ಮಾತಾಡುತ್ತ ಮಿಷನ್ನು ಓಡಿಸಿದ. "ಏನಪ್ಪಾ ಸಾಹುಕಾರ, ತಲೇಲಿ ಕಾಡು ಬೆಳೆಸಿದ್ದೀಯಲ್ಲ, ಹುಲಿ ಇದ್ರೆ ಮೊದಲೇ ಹೇಳು!" ಒಂದು ಪದವೂ ತಿಳಿಯದ ಹುಡುಗರು ಆ ಸದ್ದಿಗೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೋಳಾದವರು ಒಬ್ಬರ ತಲೆ ಒಬ್ಬರು ತಬಲದ ಹಾಗೆ ಬಾರಿಸಿದರು.

ಮಾರನೆಯ ದಿನ ಹುಡುಗಿಯರು ಬಂದರು. ಅವರು ನಗಲಿಲ್ಲ. ಒಬ್ಬೊಬ್ಬಳೇ ಬಂದು ಕೂತು, ಕಣ್ಣು ಮುಚ್ಚಿ, ಕೂದಲು ಬಿದ್ದ ಮೇಲೆ ಎದ್ದು ಹೋದಳು. ಮಾತಿನಮಾವನ ಮಾತೂ ತೆಳ್ಳಗಾಯಿತು. ಕೊನೆಗೆ ಒಬ್ಬಳು ಕಡಿಮೆ ಬಂದಳು. ಹುಡುಕಿದರೆ, ಹಿತ್ತಲಲ್ಲಿ ಒಣಹಾಕಿದ್ದ ದುಪ್ಪಟಿಗಳ ಹಿಂದೆ ಗೋಡೆಗೆ ಅಂಟಿಕೊಂಡು, ಜಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಇವಳು ಹೊಸಬಳು, ಮಾವ," ಎಂದ ವ್ಯಾನಿನವನು. "ಆ ಜಡೆ ಅವರಮ್ಮ ಸಾಯೋ ಮುಂಚೆ ಹಾಕಿದ್ದು. ಬಂದಾಗಿನಿಂದ ಬಿಚ್ಚೋಕೂ ಬಿಟ್ಟಿಲ್ಲ, ತೊಳೆಯೋಕೂ ಬಿಟ್ಟಿಲ್ಲ."

ಮಾತಿನಮಾವ ಕತ್ತರಿಯನ್ನು ಹಿಂದಿನ ಜೇಬಿಗೆ ಇಳಿಸಿ, ಎರಡೂ ಕೈ ತಿರುಗಿಸಿ ತೋರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ಬಾರವ್ವ, ಇವತ್ತು ಅಂಗಡಿ ಬಂದ್," ಎಂದ. ತುಂಬ ಹೊತ್ತಾದ ಮೇಲೆ ಅವಳು ಬಂದು ಎದುರಿಗೆ ಬೆನ್ನು ಮಾಡಿ ಕೂತಳು. ಆ ಮಧ್ಯಾಹ್ನವೆಲ್ಲ ಅವನು ಎಣ್ಣೆ ಹಚ್ಚಿ, ಹಗ್ಗದಂತೆ ಗಂಟುಕಟ್ಟಿದ್ದ ಜಡೆಯನ್ನು ಎಳೆ ಎಳೆಯಾಗಿ ಬಿಡಿಸಿದ. ಹೇನು ಬಾಚಣಿಗೆಯಲ್ಲಿ ಬಾಚಿ, ತೊಳೆದು, ಒಣಗಿಸಿ, ಹೊಸ ಜಡೆ ಹಾಕಿ, ತುದಿಗೆ ಟೀಚರ್ ಕೊಟ್ಟ ಕೆಂಪು ರಿಬ್ಬನ್ ಕಟ್ಟಿದ. ಅವಳು ಜಡೆಯನ್ನು ಎದೆಯ ಮೇಲೆ ಹಾಕಿಕೊಂಡು ನೋಡಿಕೊಂಡಳು. ಜಡೆ ಮುಟ್ಟಿ, ಕತ್ತರಿಯಿದ್ದ ಅವನ ಜೇಬು ತೋರಿಸಿ, ಬೇಡ ಎಂಬಂತೆ ತಲೆಯಾಡಿಸಿದಳು. ಮಾತಿನಮಾವ ಅವಳ ಅಂಗೈಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟ.

ಸಂಜೆಯ ಪ್ರಾರ್ಥನೆಯಲ್ಲಿ ಅದನ್ನೇ ದೇವರ ಕೃಪೆಗೆ ಸಾಕ್ಷಿಯಾಗಿ ಹೇಳಿದ, ಉಪ್ಪು ಖಾರ ಹಚ್ಚಿ. ಹಾಡುವ ಹುಡುಗರು ಮೂಗೊರೆಸಿಕೊಂಡರು. ಡಾಕ್ಟರು ಅವನನ್ನೂ ಹುಡುಗಿಯನ್ನೂ ನಿಲ್ಲಿಸಿ ಫೋಟೋ ತೆಗೆದರು. ಅಂದು ಮಾತಿನಮಾವ ನೆಲದ ಮೇಲೆ ನಡೆಯಲಿಲ್ಲ ಎನ್ನಬೇಕು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನ ಮುಂದೆ ಇನ್ನೊಬ್ಬಳು ಬಂದು ನಿಂತಳು. ಮುಂದಿನ ಹಲ್ಲೆರಡು ಉದುರಿದ್ದ, ಗಟ್ಟಿಗಿತ್ತಿ ಹುಡುಗಿ. ಅವಳಿಗೆ ಅವನು ಆಗಲೇ ಬೊಚ್ಚಮ್ಮ ಎಂದು ಹೆಸರಿಟ್ಟಾಗಿತ್ತು. ಬೊಚ್ಚಮ್ಮ ತನ್ನ ಬೋಳುತಲೆಯ ಮೇಲೆ ಅಂಗೈಯಿಟ್ಟಳು. ಆಮೇಲೆ ಕೆಂಪು ರಿಬ್ಬನ್ನಿನ ಕಡೆ ಬೆರಳು ಮಾಡಿದಳು. ಆಟವೆಂದುಕೊಂಡು ಅವನು ಹಲ್ಲು ಕಿರಿದ. ಅವಳು ನಗಲಿಲ್ಲ. ಅವಳ ಹಿಂದೆ ಇನ್ನೊಂದು ಬೋಳುತಲೆ, ಅದರ ಹಿಂದೆ ಮತ್ತೊಂದು. ಅಷ್ಟೂ ಹುಡುಗಿಯರು ತಟ್ಟೆ ಹಾಗೇ ಬಿಟ್ಟು ಅವನನ್ನು ನೋಡುತ್ತಿದ್ದರು. ಮಾತಿನಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ.

ದೊಡ್ಡಮ್ಮ ಅವನನ್ನು ಉಗ್ರಾಣಕ್ಕೆ ಕರೆಸಿದಳು. ವ್ಯಾನಿನವನು ನಡುವೆ ನಿಂತು, ಮುಖ ಹುಳ್ಳಗೆ ಮಾಡಿಕೊಂಡು ಒಂದೊಂದೇ ಮಾತು ದಾಟಿಸಿದ.

"ನಿನ್ನೆ ನೀವು ಬೋಳಿಸಿದ ಹುಡುಗೀರಲ್ಲಿ ಅಮ್ಮ ಇರೋಳು ಯಾರು, ಒಬ್ಬಳನ್ನ ತೋರ್ಸಿ."

ಮಾತಿನಮಾವ ಬಾಗಿಲಾಚೆಯ ಬೋಳುತಲೆಗಳ ಕಡೆ ನೋಡಿದ.

"ಈ ಮನೇಲಿ ಒಬ್ಬಳಿಗೆ ಕೊಟ್ಟಿದ್ದು ಎಲ್ಲರಿಗೂ ಕೊಡ್ಬೇಕು. ಆಗ್ಲಿಲ್ವಾ, ಯಾರಿಗೂ ಇಲ್ಲ. ಅಮ್ಮ ಇಲ್ಲದ ಮಕ್ಕಳು ಅಳತೆ ಹಿಡಿದೇ ಬದುಕೋದು, ಸಾರಿನಿಂದ ಹಿಡಿದು ಮುದ್ದಿನವರೆಗೂ."

"ನಾನು ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದೀನಿ, ತಾಯಿ."

"ಶನಿವಾರ ನೀವು ವಿಮಾನ ಹತ್ತೀರಿ. ಭಾನುವಾರ ಆ ತಲೆ ಯಾರು ಬಾಚ್ತಾರೆ? ನನಗಿರೋದು ಎರಡೇ ಕೈ. ಹದಿನೈದು ದಿನಕ್ಕೆ ಆ ಜಡೆಯಿಂದ ಹೇನು ಇಳಿದು ಮನೆ ತುಂಬುತ್ತೆ." ಅವಳು ಉಸಿರು ತೆಗೆದುಕೊಂಡಳು. "ವರ್ಷಾ ವರ್ಷಾ ತಂಡಗಳು ಬರ್ತವೆ. ಒಳ್ಳೆ ಜನ. ಮಕ್ಕಳ ಕೈಲಿ ಒಳ್ಳೆಯವರು ಅನ್ನಿಸಿಕೊಂಡು ಹೋಗ್ತಾರೆ, ಕೆಟ್ಟವಳು ಅನ್ನಿಸಿಕೊಳ್ಳೋ ಕೆಲಸ ನನಗೆ ಬಿಟ್ಟು. ಈ ಸಲ ಅದು ಬೇಡ. ಹೊರಡೋ ಮುಂಚೆ ಆ ಜಡೆ ನಿಮ್ಮ ಕೈಯಿಂದಲೇ ಹೋಗ್ಲಿ."

ಮಾತಿನಮಾವ ಹೊರಬಂದು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತ. ಸಿಟ್ಟು ಬರಲಿ ಎಂದು ನೋಡಿದ, ಬರಲಿಲ್ಲ. ಹೆಂಗಸು ಆಡಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹಾಗೆಂದು ಆ ಮಗುವಿನ ಜಡೆಗೆ ಕತ್ತರಿಯಿಡುವುದು ಎಂತು? ಬೆಳೆದ ಕೂದಲು ತೆಗೆಯುವುದಷ್ಟೇ ಅವನಿಗೆ ಗೊತ್ತು. ತೆಗೆದದ್ದನ್ನು ಮಿಕ್ಕವರ ತಲೆಗೆ ಮತ್ತೆ ನೆಡುವ ವಿದ್ಯೆ ಯಾರಿಗಿದೆ? ಅಯ್ಯನವರು ಬಂದು ಹೆಗಲ ಮೇಲೆ ಕೈಯಿಟ್ಟು, "ಅವರ ಮನೆ ಮಾವ, ಅವರ ಕಟ್ಟಳೆ," ಎಂದರು. ಅದೂ ಸರಿಯೇ. ಎಲ್ಲರೂ ಸರಿಯಾಗಿದ್ದು ತಾನೊಬ್ಬನೇ ತಪ್ಪಾಗಿ ಕೂರುವುದು ಮಾತಿನಮಾವನಿಗೆ ಹೊಸದು.

ಮಧ್ಯಾಹ್ನ ಅವನು ದೊಡ್ಡಮ್ಮನ ಮುಂದೆ ಹೋಗಿ ನಿಂತ. "ಮಕ್ಕಳನ್ನೇ ಒಂದು ಮಾತು ಕೇಳ್ಲಾ?"

"ಕೇಳಿ. ಇವರೆಲ್ಲ ದೇವದೂತರು ಅಂದ್ಕೊಂಡಿದ್ದೀರಲ್ಲ. ಬೋಳಿಸಿ ಅಂತಾರೆ, ನೋಡಿ."

ಹುಡುಗಿಯರನ್ನೆಲ್ಲ ಬಟ್ಟೆ ಹಗ್ಗಗಳ ಕೆಳಗೆ ಕೂರಿಸಿ, ವ್ಯಾನಿನವನ ಬಾಯಿಂದ ಕೇಳಿಸಿದ: "ನಾನು ಒಬ್ಬಳಿಗೆ ಉಳಿಸಿ ನಿಮಗೆಲ್ಲ ತೆಗೆದೆ. ಅದು ತಪ್ಪಾಯ್ತು. ಈಗ ಏನು ಮಾಡ್ಲಿ, ನೀವೇ ಹೇಳಿ."

ಒಬ್ಬಳು ಪಟ್ಟನೆ ಹೇಳಿದಳು. ವ್ಯಾನಿನವನು ದಾಟಿಸಲೇ ಬೇಕಿರಲಿಲ್ಲ. ಕೈಯನ್ನು ತಲೆಯ ಮೇಲೆ ಮಿಷನ್ನಿನಂತೆ ಓಡಿಸಿ ತೋರಿಸಿದ್ದಳು. ಇನ್ನಿಬ್ಬರು ಹೂಂಗುಟ್ಟಿದರು. ದೊಡ್ಡಮ್ಮ ಬಾಗಿಲಲ್ಲಿ ನಿಂತು, ನಾ ಹೇಳಲಿಲ್ಲವೇ ಎಂಬಂತೆ ನೋಡಿದಳು. ಬೊಚ್ಚಮ್ಮ ಮಾತ್ರ ಏನೋ ಯೋಚಿಸುತ್ತ ಕೆನ್ನೆ ಕೆರೆದುಕೊಳ್ಳುತ್ತಿದ್ದಳು. ಆಮೇಲೆ ಉದ್ದಕ್ಕೆ ಹೇಳಿದಳು.

"ಮಾವ," ವ್ಯಾನಿನವನಿಗೆ ನಗು ಬಂತು, "ಇವಳು ಅಂತಾಳೆ: ದಿನಾ ಬೆಳಿಗ್ಗೆ ನಾವು ಒಬ್ಬರಿಗೊಬ್ಬರು ಜಡೆ ಹಾಕ್ತಿದ್ವಿ. ಈಗ ಎದ್ದರೆ ಕೈಗೆ ಕೆಲಸಾನೇ ಇಲ್ಲ. ಅವಳ ಜಡೆ ಇರ್ಲಿ, ಆದ್ರೆ ಅದು ನಮ್ಮೆಲ್ಲರದೂ ಆಗ್ಬೇಕು. ದಿನಕ್ಕೊಬ್ಬರು ಹಾಕ್ತೀವಿ."

ಬೋಳುತಲೆಗಳೆಲ್ಲ ಒಂದು ಕಡೆ ಬಾಗಿ ಗುಜುಗುಜು ಎಂದವು. ಬೋಳಿಸಿ ಎಂದವಳೇ ಎದ್ದು ನಿಂತು ಮೊದಲ ದಿನ ತನಗೆ ಬೇಕೆಂದಳು. ದೊಡ್ಡಮ್ಮನ ಕೈ ಬೀಗದ ಗೊಂಚಲಿನ ಮೇಲೇ ನಿಂತಿತ್ತು. ಆದರೆ ಜಡೆಯ ಹುಡುಗಿ ಅಷ್ಟರಲ್ಲಿ ಒಂದು ಕೈಯಲ್ಲಿ ಜಡೆ, ಇನ್ನೊಂದರಲ್ಲಿ ಮಾತಿನಮಾವನ ಅಂಗಿ ಹಿಡಿದು ಅವನ ಬೆನ್ನ ಹಿಂದೆ ಸೇರಿದ್ದಳು. ಅಲ್ಲಿಂದಲೇ ಏನೋ ಹೇಳಿದಳು.

"ಬೇರೆ ಯಾರೂ ಮುಟ್ಟಬಾರದಂತೆ," ಎಂದ ವ್ಯಾನಿನವನು. "ನೀವೇ ದಿನಾ ಹಾಕ್ಬೇಕಂತೆ."

ಮಾತಿನಮಾವ ಬದುಕಿನಲ್ಲಿ ಆಡಿದ ಮಾತುಗಳನ್ನೆಲ್ಲ ರಾಶಿ ಹಾಕಿದರೂ ಮುಂದಿನ ಎರಡು ಮಾತಿನಷ್ಟು ಭಾರವಾಗಲಿಕ್ಕಿಲ್ಲ. "ಶನಿವಾರ ನಾನು ಹೋಗ್ತೀನಿ ಅಂತ ಹೇಳಪ್ಪ."

"ಮತ್ತೆ ಬರ್ತೀನಿ ಅಂತಾನೂ ಸೇರಿಸ್ಲಾ? ಬಂದೋರೆಲ್ಲ ಹಾಗೇ ಹೇಳೋದು."

"ಬೇಡ. ಬರ್ತೀನೋ ಇಲ್ವೋ ಗೊತ್ತಿಲ್ಲ ಅಂತ ಹೇಳು."

ವ್ಯಾನಿನವನು ಮೆಲ್ಲಗೆ ಹೇಳಿದ. ಹುಡುಗಿ ಮಾತಿನಮಾವನ ಅಂಗಿ ಬಿಟ್ಟಳು. ಯಾರನ್ನೂ ನೋಡದೆ ಒಳಗೆ ಹೋಗಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಶುಕ್ರವಾರವೆಲ್ಲ ಅವನ ಹತ್ತಿರ ಸುಳಿಯಲಿಲ್ಲ. ಬೊಚ್ಚಮ್ಮ ಹೋಗಿ ಅವಳ ಮಂಚದ ತುದಿಯಲ್ಲಿ ಕೂತು ಬಂದಳು, ಮತ್ತೆ ಹೋದಳು. ಮಾತಿನಮಾವ ಅಡುಗೆಮನೆಯಲ್ಲಿ ಪಾತ್ರೆ ತೊಳೆದ, ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ, ಕತ್ತರಿಯಿರುವ ಪೆಟ್ಟಿಗೆಯ ಕಡೆ ಮಾತ್ರ ಹೋಗಲಿಲ್ಲ. ದೊಡ್ಡಮ್ಮ ಅಪ್ಪಣೆಯನ್ನು ಹಿಂದೆ ತೆಗೆದುಕೊಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಪೆಟ್ಟಿಗೆಗಳು ವ್ಯಾನು ಹತ್ತಿದವು. ಅಂಗಳದ ನಡುವೆ ದೊಡ್ಡಮ್ಮ ತಾನೇ ಕುರ್ಚಿ ತಂದಿಟ್ಟು, ಪಕ್ಕದಲ್ಲಿ ನಿಂತಳು. ಮಾತಿನಮಾವ ಕತ್ತರಿ ಹಿಡಿದು ಬಂದ. ಹೇನು ಬಾಚಣಿಗೆ ಜೇಬಿನಲ್ಲಿತ್ತು. ಜಡೆಯ ಹುಡುಗಿ ಬಾಗಿಲಲ್ಲಿ ಕಾಣಿಸಿಕೊಂಡಳು. ಅವನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಮೆಟ್ಟಿಲಿಳಿದು ನೇರ ಬಂದಳು. ಕುರ್ಚಿಯವರೆಗೆ ಬಂದವಳು ಅದನ್ನು ಬಳಸಿಕೊಂಡು ಹೋಗಿ, ಹಿಂದೆ ನೆಲದ ಮೇಲೆ ಕೂತಿದ್ದ ಬೊಚ್ಚಮ್ಮನ ಮುಂದೆ ಬೆನ್ನು ಮಾಡಿ ಕುಕ್ಕರಿಸಿದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಜಡೆ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಟ್ಟಳು.

ಬೊಚ್ಚಮ್ಮ ಕೂಡಲೇ ಕೈ ಹಾಕಲಿಲ್ಲ. ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ದೊಡ್ಡಮ್ಮನ ಮುಖ ನೋಡಿದಳು.

ದೊಡ್ಡಮ್ಮ ಕುರ್ಚಿಯನ್ನು ಎತ್ತಿ ಗೋಡೆಗೆ ಒರಗಿಸಿದಳು. ಮಾತಿನಮಾವನ ಕಡೆ ಕೈ ಚಾಚಿ, ಹೇನು ಬಾಚಣಿಗೆ ಇಸಿದುಕೊಂಡು, ಬೊಚ್ಚಮ್ಮನ ಮಡಿಲಿಗೆ ಹಾಕಿ ಏನೋ ಗದರಿದಳು.

"ಮೊದಲು ಬಾಚಬೇಕಂತೆ, ಆಮೇಲೆ ಜಡೆ," ಎಂದ ವ್ಯಾನಿನವನು. "ಒಂದೇ ಒಂದು ಹೇನು ಕಂಡ್ರೂ ನಾನೇ ಬೋಳಿಸ್ತೀನಿ ಅಂತಿದ್ದಾಳೆ."

ಬೊಚ್ಚಮ್ಮ ಬಾಚಿದಳು. ಎಳೆದಳು. ಹುಡುಗಿ ಹಾ ಎಂದಾಗ ಊದಿದಳು. ಬೈತಲೆ ಹಾವು ಹರಿದಂತೆ ಸೊಟ್ಟಗೆ ಹೋಯಿತು, ಜಡೆ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಯಿತು. ಮಾತಿನಮಾವನ ಕೈ ತುರಿಸಿತು. ತಿದ್ದಲೆಂದು ಒಂದು ಹೆಜ್ಜೆ ಮುಂದಿಟ್ಟ. ದೊಡ್ಡಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು, ಮೊದಲ ಸಲ ನಕ್ಕಳು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಪಕ್ಕದಲ್ಲಿ ಆಗಲೇ ನಾಳೆಯ ಸರದಿಗೆ ಜಗಳ ಹತ್ತಿಕೊಂಡಿತ್ತು.

ವ್ಯಾನು ಹಾರನ್ ಹೊಡೆಯಿತು. ಮಾತಿನಮಾವ ಕಿಟಕಿಯ ಪಕ್ಕ ಕೂತು ಇಣುಕಿದ. ಹುಡುಗಿ ಅವನ ಕಡೆ ತಿರುಗಲು ಹೋದಳು. ಬೊಚ್ಚಮ್ಮ ಅವಳ ತಲೆಗೆ ಪಟ್ಟನೆ ತಟ್ಟಿ, ಅಲ್ಲಾಡಬೇಡವೆಂದು ನೆಟ್ಟಗೆ ಕೂರಿಸಿದಳು. ಹುಡುಗಿ ಬೆನ್ನು ಮಾಡಿಕೊಂಡೇ ಒಂದು ಕೈ ಮೇಲೆತ್ತಿ ಆಡಿಸಿದಳು.